ಓಡಿಬಂದ ಬಾಲಕರೂ ಮುಂಬಯಿಯ ನೆಲೆಗಳೂ

ಮುಂಬಯಿಯ ಡೋಂಗರಿ ಭಾಗದ ಉಮರಖಾಡಿ ಸೆರೆಮನೆಯ ಹೆಸರು ಇತಿಹಾಸಾಸಕ್ತರಿಗೆ ಅಪರಿಚಿತವಲ್ಲ. 1882ರಲ್ಲಿ ಕೊಲ್ಹಾಪುರ ಪ್ರಕರಣದ ಮಾನನಷ್ಟ ಮೊಕದ್ದಮೆಯಲ್ಲಿ ಶಿಕ್ಷಿತರಾದ ತಿಲಕ, ಆಗರಕರರು 101 ದಿನ ಕಳೆದುದು ಅಲ್ಲಿಯೇ. ಆದರೆ ಆ ಆವರಣಕ್ಕೆ 1927ರಿಂದ ಮತ್ತೊಂದು ಚರಿತ್ರೆಯುಂಟು. ಅದನ್ನು ಬಲ್ಲವರು ವಿರಳ. ಮನೆ ಬಿಟ್ಟು ಬಂದು ಬೀದಿಯಲ್ಲಿ ಸಿಕ್ಕಿದ ಮಕ್ಕಳನ್ನಿರಿಸಲು ನಗರವು ಆರಿಸಿದ ಸ್ಥಳವದು.

ತತ್ಪೂರ್ವದಲ್ಲಿ ಇಂಥವರಿಗಾಗಿ ಇದ್ದುದು 1857ರಲ್ಲಿ ಸ್ಥಾಪಿತವಾದ, ಡೇವಿಡ್ ಸಾಸೂನರ ಹೆಸರಿನ ಸುಧಾರಣಾಶಾಲೆ. 1924ರ ಮುಂಬಯಿ ಮಕ್ಕಳ ಕಾಯಿದೆಯು ಅಪರಾಧಿ ಬಾಲಕನನ್ನೂ ನಿರ್ಗತಿಕ ಬಾಲಕನನ್ನೂ ಮಕ್ಕಳ ನ್ಯಾಯಾಲಯದ ಮುಂದೆ ತಂದಿತು. ಮೂರು ವರ್ಷಗಳ ತರುವಾಯ ಚಿಲ್ಡ್ರನ್ಸ್ ಏಡ್ ಸೊಸೈಟಿ ಹುಟ್ಟಿತು. ವಿಚಾರಣೆಯಾಗುವವರೆಗೆ ಮಕ್ಕಳನ್ನಿರಿಸಲು ಹಳೆಯ ಸೆರೆಮನೆ ಒದಗಿತು. ಬಂದರವೂ ಬೋರಿಬಂದರ ನಿಲ್ದಾಣವೂ ಸಮೀಪವೆಂಬುದೇನೋ ದಿಟ. ಆದರೆ ಗೋಡೆಗಳು ಮೊದಲೇ ಸಿದ್ಧವಾಗಿದ್ದುವೆಂಬುದೇ ಪ್ರಧಾನ ಕಾರಣವಾಗಿರಬೇಕೆಂದು ನನ್ನ ಊಹೆ. ಮಲತಾಯಿಗೋ ಮೇಷ್ಟರ ಬೆತ್ತಕ್ಕೋ ಅಂಜಿ ಓಡಿಬಂದವನು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಆದರೂ ಅವನಿಗೆ ಮುಂಬಯಿಯ ಪ್ರಥಮ ಆತಿಥ್ಯ ಆ ಗೋಡೆಗಳ ಒಳಗೆ ದೊರೆಯಿತು.

ಎರಡನೆಯ ಉತ್ತರ ಮಾನಖುರ್ದ. ಅಂದು ಅದು ನಗರದ ಅಂಚು. ವಿಶಾಲವಾದ ಬಯಲು, ಗಾಳಿ, ಬೆಳಕು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ 1954ರಲ್ಲಿ ನೆರೆಯ ದೇವನಾರಕ್ಕೆ ಬಂದಿತು. ಆರೋಗ್ಯದ ದೃಷ್ಟಿಯಿಂದ ಇದು ಸರಿಯೇ. ಆದರೆ ಇರುಳಿನಲ್ಲಿ ರೈಲಿನಿಂದಿಳಿದ ಹುಡುಗನು ತಾನಾಗಿ ಅಲ್ಲಿಗೆ ಹೋಗಲಾರ, ಯಾರಾದರೂ ಹಿಡಿದೊಯ್ಯಬೇಕು. ಇಂಥ ಗೃಹಗಳಲ್ಲಿ ಮಕ್ಕಳನ್ನು ದೀರ್ಘಕಾಲ ಇರಿಸಿಕೊಳ್ಳಬಾರದೆಂದು ಸರ್ವೋಚ್ಚ ನ್ಯಾಯಾಲಯವು 1986ರ ಡಿಸೆಂಬರಿನಲ್ಲಿ ಹೇಳಬೇಕಾಯಿತು.

ನಮ್ಮವರ ಕಥೆ ಬೇರೆ. ಮಂಗಳೂರು ಕಡೆಯಿಂದ ಹಡಗಿನಲ್ಲಿ, ಧಾರವಾಡ, ವಿಜಾಪುರಗಳಿಂದ ರೈಲಿನಲ್ಲಿ ಹೇಳದೆ ಕೇಳದೆ ಬಂದ ಕನ್ನಡದ ಹುಡುಗರಲ್ಲಿ ಎಷ್ಟೋ ಮಂದಿ ಉಮರಖಾಡಿಯನ್ನು ಕಾಣಲೇ ಇಲ್ಲ. ಅವರನ್ನು ಮೊದಲು ಒಳಗೆ ಕರೆದುದು ಉಡುಪಿ ಹೋಟೆಲಿನ ಅಡಿಗೆಮನೆ. ಹಗಲು ಕಪ್ಪುಬಸಿ ತೊಳೆದು, ಬಾಗಿಲು ಮುಚ್ಚಿದ ಮೇಲೆ ಅಲ್ಲಿಯೇ ಮೇಜಿನ ಮೇಲೆ ಮಲಗಿದವರು ಅವರು. ಅವರಂಥವರಿಗೆಂದೇ ರಾತ್ರಿಶಾಲೆಗಳೂ ತೆರೆದುವು. ಮೊಗವೀರರ ಉಚಿತ ರಾತ್ರಿಶಾಲೆಯು ಆರಂಭವಾದುದು 1908ರಲ್ಲಿ. ನಿಲ್ದಾಣಕ್ಕೂ ಕೆಲಸಕ್ಕೂ ಹತ್ತಿರವಾಗಿ, ಮಾತೃಭಾಷೆಯಲ್ಲಿ ಮಾತನಾಡಿಸುವವರು ಇದ್ದಂಥ ನೆಲೆಯನ್ನು ಯಾವ ಕಾಯಿದೆಯೂ ಹುಡುಕಿಕೊಟ್ಟಿರಲಿಲ್ಲ. ಈ ಪ್ರಸಂಗವನ್ನು ನಾವು ಸಮಾರಂಭಗಳಲ್ಲಿ ಹೆಮ್ಮೆಯಿಂದ ಸ್ಮರಿಸುವುದುಂಟು. ಸ್ಮರಿಸುವಾಗ, ಮುಂದೆ ಯಜಮಾನರಾದವರ ಹೆಸರುಗಳು ಮಾತ್ರ ನೆನಪಿಗೆ ಬರುತ್ತವೆ. ಬಿಸಿನೀರಿನಲ್ಲಿ ಕೈ ಸುಟ್ಟುಕೊಂಡು ಮರಳಿ ಊರಿಗೆ ಹೋದವರ, ಎಲ್ಲಿಗೂ ಹೋಗದೆ ಕಾಣೆಯಾದವರ ಲೆಕ್ಕವನ್ನು ನಾವು ಇರಿಸಲಿಲ್ಲ. ಆಶ್ರಯವೂ ದುಡಿಮೆಯೂ ಒಂದೇ ಬಾಗಿಲಿನಲ್ಲಿದ್ದುವು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. ಅದು ನ್ಯಾಯವೇ, ಆದರೆ ಆ ಬಾಗಿಲಿಗೆ ಬದಲಾಗಿ ಯಾವ ಬಾಗಿಲು ಎಂಬ ಪ್ರಶ್ನೆ ಉಳಿಯಿತು.

ಅದಕ್ಕೆ ಉತ್ತರವನ್ನು ಕೆಲವರು ಮೊದಲೇ ಅರಸತೊಡಗಿದ್ದರು. ಬೆಂಗಳೂರಿನಲ್ಲಿ 1980ರಿಂದ ಬಾಸ್ಕೊ, ಮುಂಬಯಿಯ ವಡಾಳಾದಲ್ಲಿ 1987ರಿಂದ ಡಾನ್ ಬಾಸ್ಕೊ ಪಾದ್ರಿಗಳ ಶೆಲ್ಟರ್, ಬಳಿಕ ಸಲಾಮ್ ಬಾಲಕ್ ಟ್ರಸ್ಟ್, ಇವು ಮಕ್ಕಳಿದ್ದಲ್ಲಿಗೇ ಹೋದುವು. ಕಟ್ಟಡ ದೊರೆತಲ್ಲಿಗೆ ಮಗುವನ್ನು ಒಯ್ಯುವ ಕ್ರಮ ಇಲ್ಲಿ ತಲೆಕೆಳಗಾಯಿತು. 1996ರಲ್ಲಿ ಮುಂಬಯಿಯಲ್ಲೇ ಆರಂಭವಾದ 1098 ದೂರವಾಣಿಗಂತೂ ನಿವೇಶನವೇ ಬೇಕಿರಲಿಲ್ಲ. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದವರೂ ಇದ್ದಾರೆ: ರಾಯಚೂರಿನಲ್ಲಿ 1992ರಲ್ಲಿ ಹುಟ್ಟಿದ ಸಾಥಿ ಸಂಸ್ಥೆಯವರು ರೈಲು ನಿಲ್ದಾಣಗಳಲ್ಲಿಯೇ ಹುಡುಗರನ್ನು ಮಾತನಾಡಿಸಿ, ಕೆಲವು ದಿನ ಜೊತೆಗಿರಿಸಿಕೊಂಡು, ಮನೆಗೆ ಮುಟ್ಟಿಸುವ ಕಾರ್ಯದಲ್ಲಿ ತೊಡಗಿದರು. ರಾಯಚೂರು ಮುಂಬಯಿ–ಮದರಾಸು ಹಾದಿಯ ಮೇಲಿನ ನಿಲ್ದಾಣವೆಂಬುದನ್ನು ವಾಚಕರು ಬಲ್ಲರು.