ಕೊಳ್ಳಲು ಬನ್ನಿ: ನಿವೇಶನ ಮಾರಾಟದ ಕರೆ ನಡೆದುಬಂದ ದಾರಿ

ನೆಲವನ್ನು ಮಾರುವುದಾದರೆ ಊರಿಗೆಲ್ಲ ತಿಳಿಯುವಂತೆ ಮಾರಬೇಕೆಂಬ ನಂಬಿಕೆ ಕನ್ನಡನಾಡಿನಲ್ಲಿ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನದಲ್ಲಿ, ಭೂಮಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲು ಗ್ರಾಮದವರ, ಜ್ಞಾತಿಗಳ, ದಾಯಾದಿಗಳ ಮತ್ತು ಸಾಮಂತರ, ಎಂದರೆ ಅಕ್ಕಪಕ್ಕದ ಜಮೀನಿನವರ, ಒಪ್ಪಿಗೆಯೂ ಹೊನ್ನು ನೀರುಗಳ ಧಾರೆಯೂ ಬೇಕೆನ್ನುವ ಪ್ರಾಚೀನ ವಚನವೊಂದನ್ನು ಎತ್ತಿಕೊಂಡು ಚರ್ಚಿಸಿದ್ದಾನೆ. ಗ್ರಾಮದವರ ಒಪ್ಪಿಗೆಯನ್ನು ಕೇಳುವುದು ವ್ಯವಹಾರ ಬಹಿರಂಗವಾಗಲೆಂದು, ನೆರೆಯವರ ಒಪ್ಪಿಗೆಯನ್ನು ಕೇಳುವುದು ಮುಂದೆ ಗಡಿಯ ತಕರಾರು ಏಳದಿರಲೆಂದು ಎಂಬ ಅವನ ವಿವರಣೆ, ಕೊಳ್ಳುವವನ ನಂಬಿಕೆ ಹುಟ್ಟುವುದು ಮಾರುವವನ ಮಾತಿನಿಂದಲ್ಲ, ಸುತ್ತ ನಿಂತವರ ಅರಿವಿನಿಂದ ಎಂಬ ಒಂದು ದೊಡ್ಡ ತಿಳಿವಳಿಕೆಯನ್ನು ಒಳಗೊಂಡಿದೆ. ಇಂದು ಮನೆ ನಿವೇಶನಗಳ ಜಾಲತಾಣಗಳಲ್ಲಿ ಕಾಣುವ ‘ಈಗಲೇ ಬುಕ್ ಮಾಡಿ’, ‘ಕರೆ ಮಾಡಿ’ ಎಂಬಂಥ ಕರೆಗಳ ಪರಿಣಾಮವನ್ನು ಅಳೆಯಲು ಹೊರಟವರು ಮೊದಲು ಕೇಳಬೇಕಾದುದೂ ಇದನ್ನೇ: ಕರೆ ಯಾರ ಸಮಕ್ಷಮದಲ್ಲಿ ಕೇಳಿಬರುತ್ತದೆ, ಮತ್ತು ಕೇಳಿದವನಿಂದ ಅದು ಏನನ್ನು ಬಯಸುತ್ತದೆ?

ಡಂಗುರದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿತ್ತು. ನ್ಯಾಯಾಲಯ ಜಪ್ತಿ ಮಾಡಿದ ಸ್ಥಿರಾಸ್ತಿಯನ್ನು ಹರಾಜು ಹಾಕುವ ಬಗೆಯನ್ನು ವಿವರಿಸುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಸುದ್ದಿಯನ್ನು ಆ ಆಸ್ತಿಯಿರುವ ಜಾಗದಲ್ಲಿ ಡೋಲು ಹೊಡೆದು ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕೆಂದೂ, ಅದರ ಪ್ರತಿಯನ್ನು ಎದ್ದು ಕಾಣುವ ಕಡೆ ಅಂಟಿಸಬೇಕೆಂದೂ ವಿಧಿಸಿತು. ಇದಕ್ಕಿಂತ ಗಮನಾರ್ಹವಾದುದು ಸಾರುವ ಮಾತಿನಲ್ಲಿ ಏನಿರಬೇಕೆಂಬ ನಿಯಮ. ಆಸ್ತಿಯ ವಿವರ, ಅದರ ಮೇಲಿನ ಕಂದಾಯ, ಅದಕ್ಕೆ ಅಂಟಿಕೊಂಡ ಋಣಭಾರ, ವಸೂಲಾಗಬೇಕಾದ ಹಣ ಇವೆಲ್ಲದರ ಜೊತೆಗೆ, ಕೊಳ್ಳುವವನು ಆಸ್ತಿಯ ಸ್ವರೂಪವನ್ನೂ ಬೆಲೆಯನ್ನೂ ತಾನೇ ತೂಗಿ ನೋಡಲು ತಿಳಿದಿರಬೇಕಾದ ಪ್ರತಿಯೊಂದು ಮುಖ್ಯ ಸಂಗತಿಯೂ ಪ್ರಕಟಣೆಯಲ್ಲಿ ಬರಬೇಕಿತ್ತು. ಬಿಡ್ಡು ತನ್ನ ಪಾಲಿಗೆ ನಿಂತ ಕೂಡಲೇ ಬೆಲೆಯ ಶೇಕಡ 25ರಷ್ಟನ್ನು ಕಟ್ಟಬೇಕೆಂಬುದೂ ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ಕರೆಯಲ್ಲಿ ಅಲಂಕಾರದ ಒಂದು ಮಾತೂ ಇರಲಿಲ್ಲವಾದರೂ ಮುಂದಿನ ಹೆಜ್ಜೆ ಯಾವುದೆಂಬ ಗೊಂದಲ ಯಾರಿಗೂ ಉಳಿಯುತ್ತಿರಲಿಲ್ಲ.

ಬೆಂಗಳೂರಿನಲ್ಲಿ ನಿವೇಶನ, ಎಂದರೆ ಮನೆ ಕಟ್ಟಲೆಂದು ಅಳೆದು ಗುರುತು ಹಾಕಿದ ಜಾಗ, ಸಾಮಾನ್ಯ ಸಂಬಳದಾರನ ಆಸೆಯ ವಸ್ತುವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯ ಬೆನ್ನಿಗೆ, 1898ರ ಪ್ಲೇಗಿನ ಹೊಡೆತಕ್ಕೆ ಸಿಕ್ಕ ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರಲು ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಎದ್ದವು. ಆಗ ಕರೆಯುತ್ತಿದ್ದುದು ಸರ್ಕಾರ, ಮತ್ತು ಕರೆಯ ಹಿಂದಿದ್ದ ಒತ್ತಾಯ ರೋಗದ ಭಯವೇ ಆಗಿತ್ತು. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಮತ್ತು 1976ರ ಕಾಯಿದೆಯಿಂದ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಬಿ.ಡಿ.ಎ., ಈ ಕರೆಯನ್ನು ಅರ್ಜಿ ಆಹ್ವಾನದ ರೂಪಕ್ಕೆ ತಂದವು. ಅಧಿಸೂಚನೆಯಲ್ಲಿ 20×30, 30×40, 40×60 ಅಡಿಗಳೆಂಬ ಅಳತೆ, ಅಳತೆಗೆ ತಕ್ಕ ಪ್ರಾರಂಭಿಕ ಠೇವಣಿ, ಅರ್ಜಿದಾರನ ಅರ್ಹತೆ, ಕೊನೆಯ ದಿನಾಂಕ ಎಲ್ಲವೂ ಮುದ್ರಿತವಾಗಿರುತ್ತಿದ್ದವು. 1984ರ ಹಂಚಿಕೆ ನಿಯಮಗಳು ಅರ್ಜಿದಾರನು ಹಿಂದೆ ಎಷ್ಟು ಬಾರಿ ಅರ್ಜಿ ಹಾಕಿ ನಿವೇಶನ ಸಿಗದೆ ಮರಳಿದ್ದಾನೆಂಬುದನ್ನು ಎಣಿಸಿ ಜ್ಯೇಷ್ಠತೆ ಕೊಟ್ಟವು. ಮೂಲೆ ನಿವೇಶನಗಳು ಮಾತ್ರ ಹರಾಜಿಗೆ ಹೋದವು. ಈ ವ್ಯವಸ್ಥೆಯಲ್ಲಿ ವಿಳಂಬವೂ ಅಸಮಾಧಾನವೂ ಬೇಕಾದಷ್ಟಿದ್ದವು. ಆದರೂ ಹಿಂದಿನ ಸೋಲನ್ನು ಮುಂದಿನ ಹಕ್ಕಾಗಿ ಲೆಕ್ಕ ಹಿಡಿದ ಕರೆ ಆಸ್ತಿ ಮಾರಾಟದ ಚರಿತ್ರೆಯಲ್ಲಿ ಅಪರೂಪದ್ದು, ಮತ್ತು ಸಾವಿರಾರು ಗುಮಾಸ್ತರೂ ಶಿಕ್ಷಕರೂ ವರ್ಷಗಟ್ಟಲೆ ಅದಕ್ಕೆ ಓಗೊಟ್ಟದ್ದಕ್ಕೆ ಕಾರಣವೂ ಅದೇ.

ಪ್ರಾಧಿಕಾರ ಕೊಡುವ ನಿವೇಶನಗಳು ನಗರದ ಹಸಿವಿಗೆ ಸಾಲದೆ ಹೋದಾಗ ಆ ತೆರವನ್ನು ಗೃಹನಿರ್ಮಾಣ ಸಹಕಾರ ಸಂಘಗಳೂ ಖಾಸಗಿ ಬಡಾವಣೆಗಾರರೂ ತುಂಬಿದರು. ಸಂಘಗಳಿಗಾಗಿ ನಡೆದ ಭೂಸ್ವಾಧೀನದಲ್ಲಿ ಮಧ್ಯವರ್ತಿಗಳ ಪಾತ್ರ ಎಷ್ಟಿತ್ತೆಂಬುದು 1995ರಲ್ಲಿ ಬೆಂಗಳೂರಿನ ಸಂಘವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನೇ ಅಸಿಂಧುವೆಂದು ತೀರ್ಪಿತ್ತಾಗ ಎಲ್ಲರ ಅರಿವಿಗೂ ಬಂತು. ಇನ್ನೊಂದು ಕಡೆ ರೆವಿನ್ಯೂ ಸೈಟುಗಳು, ಎಂದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಭೂಪರಿವರ್ತನೆ ಮಾಡಿಸದ ಸಾಗುವಳಿ ಜಮೀನನ್ನೇ ತುಂಡು ಮಾಡಿ ಮಾರಿದ ಜಾಗಗಳು, ನಗರದ ಅಂಚಿನುದ್ದಕ್ಕೂ ಹರಡಿದವು. ಪತ್ರಿಕೆಯ ಜಾಹೀರಾತಿನ ಭಾಷೆ ಬದಲಾದದ್ದು ಈ ಘಟ್ಟದಲ್ಲಿ. ‘ಕೆಲವೇ ನಿವೇಶನಗಳು ಬಾಕಿ’, ‘ಇಂದೇ ಬುಕ್ ಮಾಡಿ’, ‘ಸುಲಭ ಕಂತು’, ‘ಸೈಟ್ ನೋಡಲು ಉಚಿತ ವಾಹನ ಸೌಲಭ್ಯ’ ಎಂಬ ಮಾತುಗಳು ಮುನ್ನೆಲೆಗೆ ಬಂದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ದೂರವನ್ನು ಕಿಲೋಮೀಟರಿಗೆ ಬದಲಾಗಿ ನಿಮಿಷಗಳಲ್ಲಿ ಹೇಳುವುದು ವಾಡಿಕೆಯಾಯಿತು. ಉಚಿತ ವಾಹನವನ್ನು ಕೇವಲ ಉಪಚಾರವೆಂದು ತಿಳಿಯುವುದು ಸರಿಯಲ್ಲ. ಕೊಳ್ಳುವವನು ತಾನಾಗಿ ಹೋಗಿ ಅಕ್ಕಪಕ್ಕದ ರೈತರನ್ನು ವಿಚಾರಿಸುವ ಅವಕಾಶ ಅದರಿಂದ ಕಡಿಮೆಯಾಯಿತು. ವಿಜ್ಞಾನೇಶ್ವರನು ಯಾರ ಒಪ್ಪಿಗೆಯ ಉದ್ದೇಶವನ್ನು ವಿವರಿಸಿದ್ದನೋ ಆ ನೆರೆಯವರೇ ವ್ಯವಹಾರದಿಂದ ಮರೆಯಾದರು.

ಆಸ್ತಿ ಮಾರಾಟದ ಭಾರತೀಯ ಜಾಲತಾಣಗಳು 2005ರ ಹೊತ್ತಿಗೆ ಕಾಣಿಸಿಕೊಂಡಾಗ ಅವು ಕೊಳ್ಳುವವನಿಂದ ಬಯಸಿದ್ದು ಠೇವಣಿಯನ್ನಲ್ಲ, ಹಾಜರಾತಿಯನ್ನೂ ಅಲ್ಲ. ಅವನ ಮೊಬೈಲ್ ನಂಬರನ್ನು. ಮಾರಾಟಗಾರರ ಮಾತಿನಲ್ಲಿ ‘ಲೀಡ್’ ಎಂದು ಕರೆಯಲಾಗುವ ಈ ನಂಬರು ಸ್ವತಃ ಸರಕಾಯಿತು. ಏಕೆಂದರೆ ತಾಣದ ಆದಾಯ ನಿವೇಶನದ ಮಾರಾಟಕ್ಕಿಂತ ಹೆಚ್ಚಾಗಿ ಜಾಹೀರಾತನ್ನೂ ವಿಚಾರಣೆಗಳನ್ನೂ ಅವಲಂಬಿಸಿತ್ತು. ಬಟನ್ ಮೇಲಿನ ಎರಡು ಮೂರು ಪದಗಳ ಬರವಣಿಗೆ ಒಂದು ಕಸುಬೇ ಆದದ್ದು ಇದರಿಂದ. ಆ ಕಸುಬಿನಲ್ಲಿ ನಿಜವಾದ ಅನುಭವವೂ ಇದೆ: ಒತ್ತಿದರೆ ಏನು ದೊರೆಯುತ್ತದೆಂಬುದನ್ನು ಹೇಳುವ ‘ಬಡಾವಣೆಯ ನಕ್ಷೆ ನೋಡಿ’ ಅಥವಾ ‘ಶನಿವಾರದ ಭೇಟಿಗೆ ಸಮಯ ಗೊತ್ತುಮಾಡಿ’ ಎಂಬ ಮಾತು, ಏನನ್ನೂ ಹೇಳದ ‘ಸಲ್ಲಿಸಿ’ ಎಂಬುದಕ್ಕಿಂತ ಪ್ರಾಮಾಣಿಕವೂ ಹೌದು, ಉಪಯುಕ್ತವೂ ಹೌದು. ಆದರೆ ಬೆಲೆಯನ್ನು ಮುಚ್ಚಿಟ್ಟು ‘ಬೆಲೆ ತಿಳಿಯಲು ನಂಬರ್ ಕೊಡಿ’ ಎನ್ನುವ ಪದ್ಧತಿಯೂ ಇದರ ಜೊತೆಯಲ್ಲೇ ಬೆಳೆಯಿತು. ಡಂಗುರದ ಪ್ರಕಟಣೆಯಲ್ಲಿ ಮೊದಲಿಗೆ ಬರುತ್ತಿದ್ದ ಸಂಗತಿಗಳು ಇಲ್ಲಿ ಕೊನೆಗೆ, ಅದೂ ಹಲವು ಫೋನ್ ಕರೆಗಳ ನಂತರ, ಬರುವಂತಾದದ್ದು ಈ ಚರಿತ್ರೆಯ ಅತ್ಯಂತ ಬೇಸರದ ತಿರುವು.

ಕಾಯಿದೆ ಈ ಕರೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು 2016ರಲ್ಲಿ. ರೇರಾ ಎಂಬ ಹೆಸರಿನಿಂದ ಪರಿಚಿತವಾದ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆಯ 3ನೆಯ ಕಲಮು, ನೋಂದಣಿಯಾಗದ ಯೋಜನೆಯನ್ನು ಮಾರುವುದನ್ನು ಮಾತ್ರವಲ್ಲದೆ ಅದರ ಜಾಹೀರಾತು, ಬುಕಿಂಗ್ ಮತ್ತು ಕೊಳ್ಳಲು ಯಾವುದೇ ರೀತಿಯಲ್ಲಿ ಆಹ್ವಾನಿಸುವುದನ್ನೂ ನಿಷೇಧಿಸಿತು. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ರೇರಾ ಪ್ರಾಧಿಕಾರದ ಜಾಲತಾಣದ ವಿಳಾಸವೂ ಎದ್ದು ಕಾಣುವಂತೆ ಇರಬೇಕೆಂದು 11ನೆಯ ಕಲಮು, ಜಾಹೀರಾತಿನ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟ ಅನುಭವಿಸಿದವನಿಗೆ ಪರಿಹಾರ ಸಲ್ಲಬೇಕೆಂದೂ, ಅವನು ಯೋಜನೆಯಿಂದ ಹಿಂದೆ ಸರಿದರೆ ಹಣ ಬಡ್ಡಿಸಹಿತ ಮರಳಬೇಕೆಂದೂ 12ನೆಯ ಕಲಮು, ಕರಾರುಪತ್ರ ನೋಂದಣಿಯಾಗುವ ಮುನ್ನ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದೆಂದು 13ನೆಯ ಕಲಮು ಹೇಳಿದವು. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ಆಮೇಲೆ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಬಳಕೆದಾರರನ್ನು ದಾರಿತಪ್ಪಿಸುವ 13 ಬಗೆಯ ಜಾಲತಾಣ ತಂತ್ರಗಳನ್ನು ಹೆಸರಿಸಿ ತಡೆಯುವ ಮಾರ್ಗಸೂಚಿಯನ್ನು ಹೊರಡಿಸಿದಾಗ, ಇಲ್ಲದ ಕೊರತೆಯನ್ನು ತೋರಿಸಿ ಅವಸರಪಡಿಸುವ ಹುಸಿ ತುರ್ತು ಆ ಪಟ್ಟಿಯಲ್ಲಿ ಸೇರಿತು. ಪತ್ರಿಕೆಯ ಕಾಲದಿಂದ ನಡೆದುಬಂದ ‘ಕೆಲವೇ ನಿವೇಶನಗಳು ಬಾಕಿ’ ಎಂಬ ಮಾತು ನಿಜವಲ್ಲದಿದ್ದರೆ ಅದು ಈಗ ಅನುಚಿತ ವ್ಯಾಪಾರ ಪದ್ಧತಿ.

ಆದರೆ 500 ಚದರ ಮೀಟರಿಗೆ ಮೀರದ ಜಾಗದ ಯೋಜನೆಗಳಿಗೆ ರೇರಾ ನೋಂದಣಿ ಬೇಕಾಗಿಲ್ಲ, ಮತ್ತು ಸಾಗುವಳಿ ಜಮೀನನ್ನು ತುಂಡು ಮಾಡಿ ಮಾರುವವರು ನೋಂದಣಿಯ ಗೋಜಿಗೇ ಹೋಗುವುದಿಲ್ಲ. ಅವರ ಕರೆ ಗೋಡೆ ಬರಹದಿಂದ ವಾಟ್ಸಾಪಿಗೆ ದಾಟಿದೆ. ಜಮೀನಿನ ಹಕ್ಕು ದಾಖಲೆಯಾದ ಪಹಣಿಯನ್ನು ಸರ್ಕಾರದ ಭೂಮಿ ತಂತ್ರಾಂಶದಲ್ಲಿಯೂ ಋಣಭಾರ ಪತ್ರವನ್ನು ಕಾವೇರಿ ತಂತ್ರಾಂಶದಲ್ಲಿಯೂ ಮನೆಯಲ್ಲಿ ಕುಳಿತೇ ಪಡೆಯಬಹುದಾದ ಈ ಕಾಲದಲ್ಲಿ, ಸರ್ವೆ ನಂಬರನ್ನು ಬರೆದು ‘ದಾಖಲೆ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ, ಆಮೇಲೆ ಬನ್ನಿ’ ಎಂದು ಕರೆಯಲು ಮಾರುವವರಿಗೆ ತಾಂತ್ರಿಕವಾದ ಅಡ್ಡಿ ಯಾವುದೂ ಉಳಿದಿಲ್ಲ.