ವಂಗದೇಶದ ಬಿದಿರ ಮಾಡು

ದೇವಾಲಯ ಅರಮನೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಲ್ಲು ಇಟ್ಟಿಗೆಗಳಿಂದಲೇ ಆರಂಭಿಸುವರು. ಹುಲ್ಲು, ಮಣ್ಣು, ಬಿದಿರುಗಳಿಂದ ಕಟ್ಟಿದುದು ಬಹುಕಾಲ ಬಾಳದೆ ಅಳಿದುಹೋಗುವುದರಿಂದ ಅದಕ್ಕೆ ಚರಿತ್ರೆಯೇ ಇಲ್ಲವೆಂಬ ಭಾವನೆಯು ಬೇರೂರಿದೆ. ಆದರೆ ಅಳಿದ ವಸ್ತುವಿನ ರೂಪವನ್ನು ಉಳಿದ ವಸ್ತುವು ಕಾಪಾಡಿಕೊಂಡು ಬಂದಿರುವುದೂ ಉಂಟು. ವಂಗದೇಶದ ಬಾಗಿದ ಮಾಡು ಅಂತಹುದು. ಆ ಬಾಗು ಎಲ್ಲಿಂದ ಬಂದಿತೆಂಬುದೇ ಪ್ರಕೃತ ವಿಚಾರ.

ವಂಗದೇಶದ ಬಹುಭಾಗವು ನದಿಗಳು ತಂದೊಡ್ಡಿದ ಮೆಕ್ಕಲುಮಣ್ಣಿನ ನಾಡು. ಅಲ್ಲಿ ಕಟ್ಟಡದ ಕಲ್ಲು ದುರ್ಲಭ, ಮಳೆ ವಿಪುಲ, ಬಿದಿರು ಹಿತ್ತಿಲಿನ ಬೆಳೆ. ಕಡಿದ ಬಿದಿರನ್ನು ಕೆಲವು ಕಾಲ ಕೊಳದ ನೀರಿನಲ್ಲಿ ನೆನೆಹಾಕಿ, ಅದರ ಸಿಹಿರಸವನ್ನು ಕಳೆದು, ಹುಳು ಹಿಡಿಯದಂತೆ ಮಾಡಿಕೊಳ್ಳುವರು. ಬಳಿಕ ಘರಾಮಿಗಳೆಂಬ ಕೆಲಸಗಾರರು ಗಳುಗಳನ್ನು ಬಾಗಿಸಿ ಕಟ್ಟಿ, ಮೇಲೆ ದಬ್ಬೆಗಳನ್ನು ಹೆಣೆದು, ಹುಲ್ಲು ಹೊದಿಸುವರು. ಹೀಗೆ ಕಟ್ಟಿದ ಮಾಡಿನ ನೆತ್ತಿ ನಡುವೆ ಉಬ್ಬಿ ಎರಡು ತುದಿಗಳಲ್ಲಿ ತಗ್ಗಿರುವುದು. ಸೂರೂ ಹಾಗೆಯೇ ಬಾಗಿ ಮೂಲೆಗಳಲ್ಲಿ ಕೆಳಗಿಳಿದಿರುವುದು. ಎರಡು ಇಳಿಜಾರಿನದು ದೋಚಾಲಾ, ನಾಲ್ಕರದು ಚೌಚಾಲಾ.

ಇದು ಬಡವರ ಗುಡಿಸಲಿಗೆ ಮಾತ್ರ ಮೀಸಲೆಂದು ತಿಳಿಯಲಾಗದು. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಅಬುಲ್ ಫಜಲನು ವಂಗದೇಶದ ಬಿದಿರ ಮನೆಗಳನ್ನು ವರ್ಣಿಸುತ್ತ, ಕೆಲವಕ್ಕೆ ೫,೦೦೦ ರೂಪಾಯಿಗೂ ಮೀರಿದ ವೆಚ್ಚವಾಗುವುದೆಂದೂ ಅವು ಬಹುಕಾಲ ಬಾಳುವುವೆಂದೂ ಹೇಳಿದ್ದಾನೆ. ಅದೇ ಗ್ರಂಥದ ಕೂಲಿಪಟ್ಟಿಯಲ್ಲಿ ಹುಲ್ಲು ಹೊದಿಸುವವನಿಗೆ ದಿನಕ್ಕೆ ೩ ದಾಮು. ೪೦ ದಾಮಿಗೆ ಒಂದು ರೂಪಾಯಿ. ಈ ಲೆಕ್ಕದಂತೆ ಅಂತಹ ಒಂದು ಮನೆಯ ಬೆಲೆಯು ಒಬ್ಬನ ೬೬,೦೦೦ ದಿನಗಳಿಗೂ ಮಿಕ್ಕ ಕೂಲಿಯಾಗುತ್ತದೆ! ಪಟ್ಟಿಯು ಬಾದಶಹನ ಕಟ್ಟಡಗಳದು, ವಂಗದೇಶದ್ದಲ್ಲ. ಆದರೂ ಪ್ರಮಾಣವನ್ನು ಊಹಿಸಲು ಇದು ಸಾಕು.

ಈ ರೂಪವು ಇಟ್ಟಿಗೆಗೆ ಇಳಿದುದು ಹದಿನೈದನೆಯ ಶತಮಾನದಲ್ಲಿ ಸ್ಪಷ್ಟವಾಗಿ ಕಂಡುಬರುತ್ತದೆ. ಪಾಂಡುವಾದ ಏಕಲಾಖಿ ಸಮಾಧಿಯಲ್ಲಿ ಗೋಡೆಯ ಮೇಲಂಚು ನೇರವಾಗಿರದೆ ಮೆಲ್ಲನೆ ಬಾಗಿದೆ. ಬಾಗೇರಹಾಟದಲ್ಲಿ ಖಾನ್ ಜಹಾನನು (ಮರಣ ೧೪೫೯) ಕಟ್ಟಿಸಿದ ಷಾಟ್ ಗುಂಬಜ್ ಮಸೀದಿಯು ಇನ್ನೂ ಹೆಚ್ಚಿನ ಸಾಕ್ಷ್ಯವನ್ನೀಯುತ್ತದೆ. ಅದರ ನಡುವಣ ಅಂಕಣದ ಮೇಲೆ ಗುಂಬಜಗಳಿಗೆ ಬದಲಾಗಿ ಏಳು ಚೌಚಾಲಾ ಮಾಡುಗಳಿವೆ. ಅವುಗಳ ಒಳಮೈಯಲ್ಲಿ ಗುಡಿಸಲಿನ ಗಳು ದಬ್ಬೆಗಳನ್ನು ಇಟ್ಟಿಗೆಯಲ್ಲಿಯೇ ಮೂಡಿಸಿದ್ದಾರೆ. ಈ ಇಟ್ಟಿಗೆಯ ಗಳುಗಳು ಯಾವ ಭಾರವನ್ನೂ ಹೊರುವುದಿಲ್ಲ. ಕಟ್ಟಿದವನು ಬಿದಿರ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಶಾಸನವು ಬೇಕಿಲ್ಲ.

ವಿಷ್ಣುಪುರದ ಮಲ್ಲರಾಜರ ಕಾಲಕ್ಕೆ ಈ ಪದ್ಧತಿಯು ಪೂರ್ಣಾವಸ್ಥೆಗೆ ಬಂದಿತು. ೧೬೫೫ರ ಜೋಡ ಬಂಗಲಾ ದೇವಾಲಯದಲ್ಲಿ ಎರಡು ದೋಚಾಲಾ ಮನೆಗಳನ್ನು ಪಕ್ಕಪಕ್ಕದಲ್ಲಿ ಕೂಡಿಸಿ, ಮೇಲೊಂದು ಕಿರುಗೋಪುರವನ್ನು ಇರಿಸಿದೆ. ಬಿದಿರಿಗೆ ಬಾಗು ಸಹಜ, ಇಟ್ಟಿಗೆಗೋ ಕಷ್ಟ. ಒಂದೊಂದು ವರಸೆಯನ್ನೂ ಅಳೆದು ಬಾಗಿಸಬೇಕು. ಸುಲಭವಾದ ನೇರಗೆರೆಯನ್ನು ಬಿಟ್ಟು ಈ ಶ್ರಮವನ್ನು ವಹಿಸಿದುದು ದೇವರ ಮನೆಯೂ ತಮ್ಮ ಮನೆಯಂತೆಯೇ ಇರಬೇಕೆಂಬ ಅಭಿಮಾನದಿಂದಲೇ ಎಂದು ತೋರುತ್ತದೆ.

ಮಳೆಯ ಹೆಚ್ಚಳವೇ ಈ ರೂಪಕ್ಕೆ ಸಾಕಷ್ಟು ಕಾರಣವೆಂದು ಕೆಲವರು ಹೇಳಬಹುದು. ಈ ಮಾತನ್ನು ನಮ್ಮ ಕರಾವಳಿಯಿಂದ ಪರೀಕ್ಷಿಸಬಹುದಾಗಿದೆ. ಭಟ್ಕಳದ ಖೇತಪೈ ನಾರಾಯಣ ದೇವಾಲಯದಲ್ಲಿಯೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿಯೂ (೧೪೩೦) ಮಳೆನೀರು ಹರಿದುಹೋಗಲು ಕಲ್ಲಿನ ಹಾಸುಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಅಲ್ಲಿಯ ಮಳೆ ವಂಗದೇಶದ ಮಳೆಗೆ ಕಡಮೆಯಾದುದಲ್ಲ. ಆದರೆ ಆ ಮಾಡುಗಳು ನೆಟ್ಟಗೆ ಇಳಿಯುತ್ತವೆ, ಬಾಗುವುದಿಲ್ಲ. ಕಾರಣವು ಸ್ಪಷ್ಟ: ಕರಾವಳಿಯ ಶಿಲ್ಪಿಯ ಕಣ್ಣಿಗೆ ಮಾದರಿಯಾಗಿದ್ದುದು ಬಳುಕದ ಮರದ ಜಂತೆ. ಮೂಡುಬಿದಿರೆಯ ಹೆಸರಿನಲ್ಲಿಯೇ ಬಿದಿರಿದೆ, ಸಂಸ್ಕೃತದಲ್ಲಿ ಅದು ವೇಣುಪುರ. ಆದರೆ ಅದರ ಮಾಡಿನಲ್ಲಿ ಬಿದಿರಿನ ಗುರುತಿಲ್ಲ! ಆದುದರಿಂದ ಮಳೆಯು ಇಳಿಜಾರನ್ನು ಕೊಟ್ಟಿತು, ಬಾಗನ್ನು ಕೊಟ್ಟುದು ಬಿದಿರು ಎಂದು ಬೇರೆಬೇರೆಯಾಗಿ ಹೇಳುವುದು ಯುಕ್ತ. ಬಿದಿರಿನ ಬಳುಕುಗುಣವೇ ಮೂಲವೆಂದು ಜೇಮ್ಸ್ ಫರ್ಗುಸನ್ ಮಹಾಶಯರು ೧೮೭೬ರ ತಮ್ಮ ಗ್ರಂಥದಲ್ಲಿ ಸೂಚಿಸಿದ್ದರು. ಮೇಲಿನ ಹೋಲಿಕೆಯು ಅವರ ಮತವನ್ನು ಬಲಪಡಿಸುತ್ತದೆ.

ಮಾಡಿನ ಮುಂದಿನ ಪ್ರಯಾಣವನ್ನು ಸಂಕ್ಷೇಪವಾಗಿ ಹೇಳಬಹುದು. ಷಹಜಹಾನನ ಕಾಲದಲ್ಲಿ ಇದು ಆಗ್ರಾ ಕೋಟೆಯ ಬಂಗಲಾ-ಇ-ದರ್ಶನದ ಮೇಲೆ ಚಿನ್ನದ ನೀರು ಕುಡಿಸಿದ ತಾಮ್ರದ ಹೊದಿಕೆಯಾಯಿತು. ಲಾಹೋರಿನ ನೌಲಾಖಾ ಮಂಟಪದ ಮೇಲೆ ಏರಿತು. ರಾಜಪುತ್ರರ ಅರಮನೆಗಳನ್ನೂ ಹೊಕ್ಕಿತು. ಘರಾಮಿಯ ಬಾಗು ಬಾದಶಹನ ದರ್ಶನಸ್ಥಾನಕ್ಕೆ ಭೂಷಣವಾದುದು ಅಲ್ಪವಾದ ಸಂಗತಿಯಲ್ಲ.

ಹೆಸರಿನ ಪ್ರಯಾಣವಾದರೋ ಬೇರೆಯ ದಾರಿಯನ್ನು ಹಿಡಿಯಿತು. ೧೬೭೬ರ ನವೆಂಬರಿನಲ್ಲಿ ಹುಗಳಿಯಲ್ಲಿದ್ದ ಆಂಗ್ಲ ಕಂಪನಿಯವರು ತಮ್ಮ ಹಡಗುಗಳ ಜನರಿಗಾಗಿ ‘ಬಂಗಲೆ’ಗಳನ್ನು ಕಟ್ಟಿಸಲು ನಿಶ್ಚಯಿಸಿದರು, ಅದೇ ದಾಖಲೆಯಲ್ಲಿ ಆ ಶಬ್ದಕ್ಕೆ ಗುಡಿಸಲೆಂಬ ಅರ್ಥವನ್ನೂ ಜೊತೆಗೇ ಕೊಟ್ಟಿದೆ. ಆಮೇಲೆ ಶಬ್ದವು ಅಧಿಕಾರಿಗಳ ಮನೆಗಳಿಗೆ ಸಂದು, ಕನ್ನಡಕ್ಕೂ ಬಂದಿತು. ನಮ್ಮ ಊರುಗಳ ಪ್ರವಾಸಿ ಬಂಗಲೆಗಳಲ್ಲಿ ಹಂಚಿನ ಮಾಡೂ ಉಂಟು, ತಾರಸಿಯೂ ಉಂಟು. ಹೆಸರು ಮಾತ್ರ ವಂಗದೇಶದ ಬಿದಿರ ಮನೆಯದು.