ಕರೆಯದೇ ಬಂದ ನೆಂಟರು: ಮೀನಿನ ತೊಟ್ಟಿಯ ಅಪರಿಚಿತ ಜೀವಿಗಳನ್ನು ಗುರುತಿಸುವುದು ಹೇಗೆ?

ನಾರಾಯಣಪೇಟೆ: ಮನೆಯಲ್ಲಿ ಗಾಜಿನ ಮೀನಿನ ತೊಟ್ಟಿ ಇಟ್ಟವರಿಗೆ ಒಂದಲ್ಲ ಒಂದು ದಿನ ಈ ಅನುಭವ ಆಗಿಯೇ ಆಗುತ್ತದೆ. ನಾವು ತಂದು ಬಿಟ್ಟದ್ದು ನಾಲ್ಕಾರು ಗಪ್ಪಿ ಮೀನು. ತಿಂಗಳು ಕಳೆಯುವಷ್ಟರಲ್ಲಿ ಗಾಜಿನ ಮೇಲೆ ಬಸವನಹುಳು, ಮರಳಿನಲ್ಲಿ ಬಿಳಿ ದಾರದಂಥ ಹುಳು, ಗಿಡದ ಬುಡದಲ್ಲಿ ಹೆಸರೇ ಗೊತ್ತಿಲ್ಲದ ಆರು ಕಾಲಿನ ಪ್ರಾಣಿ! ಇವು ಎಲ್ಲಿಂದ ಬಂದವು? ಮೀನಿಗೆ ಅಪಾಯವೇ? ತೆಗೆದು ಎಲ್ಲಿ ಹಾಕಬೇಕು?

ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ಕಾಲುವೆಯಿಂದ ತಂದ ನೀರುಗಿಡವನ್ನು ತೊಳೆಯದೇ ತೊಟ್ಟಿಗೆ ಹಾಕಿದ್ದೆ. ಗಪ್ಪಿ ಮರಿಗಳು ದಿನದಿಂದ ದಿನಕ್ಕೆ ಕಡಿಮೆಯಾಗತೊಡಗಿದವು. ಮನೆಯವರೆಲ್ಲ ಸೇರಿ ದೊಡ್ಡ ಮೀನಿನ ಮೇಲೆ ಗೂಬೆ ಕೂರಿಸಿದೆವು. ಒಂದು ರಾತ್ರಿ ಬ್ಯಾಟರಿ ಹಾಕಿ ನೋಡಿದಾಗ ನಿಜವಾದ ಕಳ್ಳ ಸಿಕ್ಕಿಬಿದ್ದ: ಏರೋಪ್ಲೇನ್ ಚಿಟ್ಟೆಯ ಮರಿ!

ಎಲ್ಲಿಂದ ಬರುತ್ತವೆ?

ನೀರುಗಿಡ, ಕಲ್ಲು, ಮರಳು, ಜೀವಂತ ಆಹಾರ, ಅಂಗಡಿಯ ನೀರು – ಇವೇ ಮುಖ್ಯ ದಾರಿಗಳು. ಎಲೆಗೆ ಅಂಟಿದ ಮೊಟ್ಟೆ ಕಣ್ಣಿಗೆ ಬೀಳುವುದಿಲ್ಲ. ಇದು ಹೊಸ ಸಂಗತಿಯೇನಲ್ಲ. 1880ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ದೊಡ್ಡ ತಾವರೆ ಬೆಳೆಸಿದ್ದ ತೊಟ್ಟಿಯಲ್ಲಿ ಸಿಹಿನೀರಿನ ಜೆಲ್ಲಿ ಮೀನುಗಳು ಕಾಣಿಸಿಕೊಂಡು ವಿಜ್ಞಾನಿಗಳೇ ಬೆರಗಾಗಿದ್ದರು. ಅದೇ ಜೀವಿ ಇಂದು ಹಲವು ಖಂಡಗಳಿಗೆ ಹರಡಿದೆ.

ಬಸವನಹುಳುಗಳು

ಚಿಪ್ಪಿನ ತುದಿ ಮೇಲೆ ಮಾಡಿ ಹಿಡಿದಾಗ ಬಾಯಿ ಎಡಕ್ಕಿದ್ದರೆ ಅದು ಫೈಸಾ. ಗಾಜಿನ ಮೇಲೆ ಅಂಟಿನಂಥ ಪಾರದರ್ಶಕ ಮೊಟ್ಟೆ ಮುದ್ದೆ ಇಡುತ್ತದೆ. ಚಪ್ಪಟೆ ಸುರುಳಿಯಂತಿದ್ದರೆ ರ‍್ಯಾಮ್ಸ್‌ಹಾರ್ನ್. ಉದ್ದನೆಯ ಶಂಕುವಿನಂತಿದ್ದು ಹಗಲು ಮರಳಲ್ಲಿ ಅಡಗಿ ರಾತ್ರಿ ಹೊರಬಂದರೆ ಅದು ಟ್ರಂಪೆಟ್. ಇದು ಮರಿ ಹಾಕುತ್ತದೆ, ಒಂದೇ ಒಂದು ಹುಳು ಬಂದರೂ ಸಂತಾನ ಬೆಳೆಯುತ್ತದೆ.

ಇವು ಮೀನಿಗೆ ತೊಂದರೆ ಕೊಡುವುದಿಲ್ಲ. ಆದರೆ ವಿಪರೀತ ಹೆಚ್ಚಿದರೆ ನಾವು ಆಹಾರ ಜಾಸ್ತಿ ಹಾಕುತ್ತಿದ್ದೇವೆ ಎಂದೇ ಅರ್ಥ. ರಾತ್ರಿ ಸೌತೆಕಾಯಿ ಹೋಳು ಇಟ್ಟು ಬೆಳಿಗ್ಗೆ ಹುಳುಗಳ ಸಮೇತ ತೆಗೆಯಿರಿ. ಔಷಧ ಹಾಕಿ ಒಮ್ಮೆಲೇ ಕೊಂದರೆ ಸತ್ತ ಹುಳುಗಳು ಕೊಳೆತು ನೀರು ಕೆಟ್ಟು ಮೀನೂ ಸಾಯುತ್ತವೆ.

ದನ ಕಟ್ಟಿದವರು ಗಮನಿಸಬೇಕಾದ ಮಾತೊಂದಿದೆ. ನಮ್ಮ ಕೆರೆಗಳಲ್ಲಿರುವ ಚಪ್ಪಟೆ ಸುರುಳಿಯ ಇಂಡೋಪ್ಲಾನಾರ್ಬಿಸ್ ಎಂಬ ಬಸವನಹುಳು ದನಗಳ ಗೊರಕೆ ರೋಗದ ಪರಾವಲಂಬಿಗೆ ಆಶ್ರಯ ಕೊಡುತ್ತದೆ. ತೊಟ್ಟಿಯ ಹುಳುಗಳನ್ನು ದನ ಕುಡಿಯುವ ನೀರಿಗೆ ಎಸೆಯಬಾರದು.

ಹುಳು ಯಾವುದು, ಜಿಗಣೆ ಯಾವುದು?

ತೆಳ್ಳಗೆ ದಾರದಂತಿದ್ದು ನೀರಲ್ಲಿ ನುಲಿಯುತ್ತಿದ್ದರೆ ಅದು ಕೊಳೆ ತಿನ್ನುವ ಹುಳು, ನಿರಪಾಯಕಾರಿ. ಚಪ್ಪಟೆಯಾಗಿ, ಬಾಣದ ತುದಿಯಂಥ ತಲೆ, ಎರಡು ಕಣ್ಣಿನ ಚುಕ್ಕೆ ಇದ್ದು ಗಾಜಿನ ಮೇಲೆ ಜಾರುತ್ತಿದ್ದರೆ ಪ್ಲನೇರಿಯಾ. ಇದು ಮೀನಿನ ಮೊಟ್ಟೆಗೆ ಬಾಯಿ ಹಾಕಬಹುದು. ತುಂಡು ಮಾಡಬೇಡಿ, ತುಂಡುಗಳೂ ಬೆಳೆಯುತ್ತವೆ! ಎರಡೂ ತುದಿಯಲ್ಲಿ ಹೀರುಬಾಯಿ ಇದ್ದು ಮೈ ಮಡಚಿ ಮಡಚಿ ನಡೆದರೆ ಜಿಗಣೆ. ಅದನ್ನು ಹೊರಗೆ ತೆಗೆಯಿರಿ.

ಕುಣಿಯುವ ಚುಕ್ಕೆಗಳು

ನೀರಲ್ಲಿ ಜಿಗಿಯುವ ಸಣ್ಣ ಚುಕ್ಕೆಗಳು ಡ್ಯಾಫ್ನಿಯಾ ಅಥವಾ ಸೈಕ್ಲೋಪ್ಸ್. ಮೀನಿಗೆ ಇವು ಒಳ್ಳೆಯ ಆಹಾರ. ಹಿಂದೆ ಇದೇ ಸೈಕ್ಲೋಪ್ಸ್ ಇರುವ ಬಾವಿ ನೀರು ಕುಡಿದವರಿಗೆ ನಾರುಹುಣ್ಣು ಬರುತ್ತಿತ್ತು. ಕರ್ನಾಟಕ, ಆಂಧ್ರಪ್ರದೇಶ ಎರಡೂ ರಾಜ್ಯಗಳಲ್ಲಿ ಆ ರೋಗವಿತ್ತು. ದೇಶದ ಕೊನೆಯ ರೋಗಿ ಪತ್ತೆಯಾದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಹಾಗಾಗಿ ಇಂದು ಹೆದರಬೇಕಿಲ್ಲ. ಅಪರಿಚಿತ ಜೀವಿಯ ಗುರುತು ಹಿಡಿಯುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಇದೇ ಸಾಕ್ಷಿ.

ಹೈಡ್ರಾ ಮತ್ತು ಏರೋಪ್ಲೇನ್ ಚಿಟ್ಟೆ ಮರಿ

ಒಂದು ಸೆಂಟಿಮೀಟರಿಗೂ ಚಿಕ್ಕದಾದ ಹಸಿರು ಅಥವಾ ಕಂದು ಕೊಳವೆ, ತುದಿಯಲ್ಲಿ ಕೂದಲಿನಂಥ ಕೈಗಳು, ಮುಟ್ಟಿದರೆ ಮುದುಡಿ ಗುಂಡಗಾಗುವುದು – ಇದು ಹೈಡ್ರಾ. ಪುಟ್ಟ ಮರಿಗಳನ್ನು ಕುಟುಕಿ ತಿನ್ನುತ್ತದೆ. ಇದನ್ನೂ ಕೆರೆದು ಚೂರು ಮಾಡಬಾರದು. ಚೂರಿನಿಂದ ಹೊಸ ಹೈಡ್ರಾ ಬೆಳೆಯುತ್ತದೆ ಎಂಬುದನ್ನು 1740ರ ದಶಕದಲ್ಲೇ ಅಬ್ರಹಾಂ ಟ್ರೆಂಬ್ಲಿ ತೋರಿಸಿದ್ದರು.

ಏರೋಪ್ಲೇನ್ ಚಿಟ್ಟೆಯ ಮರಿಗೆ ಆರು ಕಾಲು, ದಪ್ಪ ಮೈ. ಕೆಳತುಟಿಯನ್ನು ಥಟ್ಟನೆ ಮುಂದೆ ಚಾಚಿ ಮೀನನ್ನು ಹಿಡಿಯುತ್ತದೆ. ಮೈ ತೆಳ್ಳಗಿದ್ದು ಬಾಲದಲ್ಲಿ ಮೂರು ಎಲೆಯಂಥ ಭಾಗಗಳಿದ್ದರೆ ಅದರ ಚಿಕ್ಕ ಸೋದರ ಜಾತಿ. ಇವನ್ನು ಕೊಲ್ಲಬೇಡಿ. ಬೇರೆ ಬಕೆಟ್ಟಿನಲ್ಲಿ ಒಂದು ಕಡ್ಡಿ ನಿಲ್ಲಿಸಿ ಬಿಟ್ಟರೆ ಸೊಳ್ಳೆ ಮರಿಗಳನ್ನು ತಿಂದು ಬೆಳೆದು, ಕಡ್ಡಿ ಹತ್ತಿ ರೆಕ್ಕೆ ಬಿಚ್ಚಿ ಹಾರಿಹೋಗುತ್ತವೆ.

ಮೀನಿಗೇ ಅಂಟುವವು

ಮೀನು ಕಲ್ಲಿಗೆ ಮೈ ಉಜ್ಜುತ್ತಿದೆಯೇ? ಮೈಮೇಲೆ ಚಪ್ಪಟೆಯಾದ ಪಾರದರ್ಶಕ ಬಿಲ್ಲೆ, ಅದರಲ್ಲಿ ಎರಡು ಕಪ್ಪು ಕಣ್ಣು ಕಂಡರೆ ಮೀನಿನ ಹೇನು (ಆರ್ಗುಲಸ್). ದಾರ ನೇತಾಡಿ ತುದಿಯಲ್ಲಿ ಎರಡು ಚೀಲವಿದ್ದರೆ ಲರ್ನಿಯಾ. ಇವೆರಡೇ ನಿಜವಾದ ಶತ್ರುಗಳು. ಮೀನನ್ನು ಬೇರೆ ಮಾಡಿ, ಚಿಮುಟದಿಂದ ಮೆಲ್ಲಗೆ ತೆಗೆಯಿರಿ.

ಸಮುದ್ರದ ತೊಟ್ಟಿಯಾದರೆ?

ಉಪ್ಪುನೀರಿನ ಹವಳದ ತೊಟ್ಟಿಗಳಲ್ಲಿ ಈ ನೆಂಟರು ಕಲ್ಲಿನ ಸಂದಿಯಲ್ಲಿ ಕೂತು ಬರುತ್ತಾರೆ. ಅಲ್ಲಿ ಹೈಡ್ರಾದ ಬಂಧು ಐಪ್ಟೇಸಿಯಾ. ಇದನ್ನು ಹರಿದರೂ ಮತ್ತೆ ಬೆಳೆಯುತ್ತದೆ. ಮುಳ್ಳುಗೂದಲಿನ ಹುಳುಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ರಾತ್ರಿ ಟಿಕ್ ಟಿಕ್ ಸದ್ದು ಕೇಳಿದರೆ ಮ್ಯಾಂಟಿಸ್ ಸೀಗಡಿ ಇರಬಹುದು. ಒಂದು ಎಚ್ಚರಿಕೆ: ಗಟ್ಟಿ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿವೆ. ಸಮುದ್ರದಿಂದ ಹವಳದ ಕಲ್ಲು ಕಿತ್ತು ತರುವುದು ಅಪರಾಧ.

ಕೆರೆಗೆ ಮಾತ್ರ ಬಿಡಬೇಡಿ

ಬೇಡವಾದ ಜೀವಿಯನ್ನು 'ಪಾಪ, ಬದುಕಿಕೊಳ್ಳಲಿ' ಎಂದು ಕೆರೆಗೆ ಬಿಡುವವರಿದ್ದಾರೆ. ಇದು ಪುಣ್ಯದ ಕೆಲಸವಲ್ಲ. ಗಾಜು ಸ್ವಚ್ಛ ಮಾಡುತ್ತದೆ ಎಂದು ಅಂಗಡಿಯಲ್ಲಿ ಕೊಡುವ ಸಕ್ಕರ್ ಮೀನನ್ನೇ ನೋಡಿ. ದಕ್ಷಿಣ ಅಮೆರಿಕ ಮೂಲದ ಇದು ಬೆರಳುದ್ದ ಇದ್ದದ್ದು ಮೊಳದುದ್ದ ಬೆಳೆಯುತ್ತದೆ. ತೊಟ್ಟಿ ಸಾಲದಾದಾಗ ಜನ ಕೆರೆಗೆ ಬಿಡುತ್ತಾರೆ. ತೆಲುಗಿನಲ್ಲಿ 'ದೆಯ್ಯಂ ಚೇಪ' ಎಂದು ಕರೆಯುವ ಈ ಮೀನು ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ನೆಲೆಯೂರಿದೆ. ದಡದಲ್ಲಿ ಬಿಲ ತೋಡುತ್ತದೆ, ಮುಳ್ಳುಗಳಿಂದ ಬೆಸ್ತರ ಬಲೆ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ.

ನಮ್ಮ ನೀರು ಬೇರೆ ಬೇರೆಯಲ್ಲ. ತಂಗಡಿಯ ಬಳಿ ಭೀಮೆಯನ್ನು ಕೂಡಿಕೊಳ್ಳುವ ಕೃಷ್ಣೆ ಮಕ್ತಲ್ ಸೀಮೆಯನ್ನು ಮುಟ್ಟಿ ಗದ್ವಾಲ ಹತ್ತಿರದ ಜುರಾಲಾ ಜಲಾಶಯ ಸೇರುತ್ತಾಳೆ. ಮಕ್ತಲ್ ಕಡೆಯ ಹಳ್ಳಕ್ಕೆ ಬಿಟ್ಟದ್ದು ಗದ್ವಾಲದ ಬೆಸ್ತರ ಬಲೆಗೆ ಬೀಳಲು ಒಂದು ಮಳೆಗಾಲ ಸಾಕು.

ನೆನಪಿಡಿ

* ಹೊಸ ಗಿಡವನ್ನು ತಿಳಿ ಗುಲಾಬಿ ಬಣ್ಣದ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು, ಎರಡು ಮೂರು ವಾರ ಬೇರೆ ಬಕೆಟ್ಟಿನಲ್ಲಿಡಿ.
* ಅಪರಿಚಿತ ಜೀವಿ ಕಂಡರೆ ಮೊದಲು ಬಿಳಿ ತಟ್ಟೆಯಲ್ಲಿ ಹಾಕಿ ಭೂತಗನ್ನಡಿಯಿಂದ ನೋಡಿ. ಔಷಧ ಆಮೇಲೆ.
* ತೆಗೆದ ಹುಳು, ಗಿಡಗಳನ್ನು ಬಿಸಿಲಿಗೆ ಒಣಗಿಸಿ ಮಣ್ಣಲ್ಲಿ ಹೂಳಿ. ಸಿಹಿನೀರಿನ ತೊಟ್ಟಿಯ ನೀರನ್ನು ಹೂಗಿಡದ ಬುಡಕ್ಕೆ ಹಾಕಿ.
* ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ.

ತೊಟ್ಟಿಗೆ ಬಂದ ನೆಂಟರಲ್ಲಿ ಹೆಚ್ಚಿನವರು ನಿರುಪದ್ರವಿಗಳು. ಗುರುತು ಹಿಡಿದು ಇಟ್ಟುಕೊಳ್ಳುವುದೋ ತೆಗೆಯುವುದೋ ನಿಮಗೆ ಬಿಟ್ಟದ್ದು. ಕೆರೆ ಮಾತ್ರ ಊರಿನದು.